ಹೊಟ್ಟೆಯೊಳಗಿನ ಎಣ್ಣೆ

ರಾತ್ರಿ ಗೀಟಿನ ತನಕ ತುಂಬಿದ ಟ್ಯಾಂಕು,
ಬೆಳಗ್ಗೆ ಕಡ್ಡಿ ಅದ್ದಿದರೆ ಒಣ ಒಣ.
ನೆಲದ ಮೇಲೆ ಒಂದು ಹನಿಯಿಲ್ಲ.
"ತೇಲ್ ಖಂಯ್ ಗೆಲೆಂ, ದ್ಯಾಮಕ್ಕಾ?"
ಕಾಯೆತಾನ್ ರೆಬೆಲ್ಲೊ ಕೇಳಿದ್ದು ನನ್ನನ್ನು,
ಕಣ್ಣು ಹೋದದ್ದು ಗಟಾರದಾಚೆಯ ತಗಡಿನ ಮನೆಗೆ.

ಅಲ್ಲಿ ಯಮನೂರ ಇದ್ದಾನೆ, ಹನ್ನೆರಡರ ಹುಡುಗ.
ಹೋದ ತಿಂಗಳವರೆಗೆ ದಿನಾ ಸಂಜೆ ಬಂದು
ಚಕ್ರದ ಕಡ್ಡಿ ಒಂದೊಂದೇ ಒರೆಸುತ್ತಿದ್ದ.
ಅವನ ಅಂಗೈಯಲ್ಲಿ ಎಣ್ಣೆ ಕಂಡಿತಂತೆ.
ಗಾಡಿ ಮುಟ್ಟಿದವನ ಕೈಯಲ್ಲಿ ಎಣ್ಣೆಯಲ್ಲದೆ
ಅರಿಸಿನ ಇರುತ್ತದೆಯೇ?
ಬಂದರಿನಲ್ಲಿ ದುಡಿಯುವ ಅವನ ಅಪ್ಪ
ಎರಡೇಟು ಹಾಕಿ, ಅತ್ತ ಸುಳಿಯಬೇಡ ಅಂದ.
ಗಜೇಂದ್ರಗಡದಿಂದ ವಾಸ್ಕೋಕ್ಕೆ ಬಂದವಳು ನಾನು,
ಅವರ ಕಡೆಯವಳೇ.
ಆಗ ಬಾಯಿ ಬಿಡಲಿಲ್ಲ. ಗಿರಾಕಿ ಹಳೆಯದು.

ಗಾಡಿ ಇನ್ನೂ ಹಳೆಯದು, ನಲವತ್ತಾರರ ಬಿಎಸ್‌ಎ.
ಪಕ್ಕಕ್ಕೆ ಎಣ್ಣೆ ಟ್ಯಾಂಕು, ಅಡಿಯಲ್ಲಿ ಪಂಪು.
ಒಂದು ಜೋಡಿ ಹಲ್ಲು ಉಣಿಸುತ್ತದೆ,
ಉಂಡುಳಿದದ್ದನ್ನು ಇನ್ನೊಂದು ಜೋಡಿ ಮೇಲಕ್ಕೆ ಹೊರುತ್ತದೆ.
ಕಿಕ್ಕಿನ ಮೇಲೆ ಕಾಲಿಟ್ಟೆ:
ಗದ್ದೆ ಕೆಸರಲ್ಲಿ ಹೂತಷ್ಟು ಭಾರ.
ಏಳನೆಯ ಒದೆತಕ್ಕೆ ಹೊತ್ತಿ, ನೀಲಿ ಹೊಗೆ
ಬೀದಿ ತುಂಬಿ, ಮೀನಿನವಳು
ಬುಟ್ಟಿಗೆ ಸೆರಗು ಹೊದಿಸಿ ಬೈದಳು.
ಬಂದ್ ಮಾಡಿದೆ.
"ಎಣ್ಣಿ ಎಲ್ಲೂ ಹೋಗಿಲ್ರೀ. ಹೊಟ್ಯಾಗ ಐತಿ."

ತಳದ ತಟ್ಟೆಗೆ ನಾಲ್ಕು ನಟ್ಟು. ಮೂರು ಬಂದವು.
ನಾಲ್ಕನೆಯದರ ಮೂಲೆಗಳನ್ನು ಯಾರೋ ಪುಣ್ಯಾತ್ಮ
ಇಕ್ಕಳ ಹಾಕಿ ಉರುಟು ಮಾಡಿದ್ದ.
ಅರ್ಧ ಗಂಟೆ ಅದಕ್ಕೇ ಹೋಯಿತು.
ಆಮೇಲೆ ಧೊಪ್ಪನೆ ಬಿತ್ತು, ಕರ್ರಗೆ,
ಪ್ಲಾಸ್ಟಿಕ್ ಬೋಗುಣಿಯ ಅಂಚಿನ ತನಕ,
ಕದ್ದುಹೋಗಿದ್ದ ಅಷ್ಟೂ ಎಣ್ಣೆ.
ರೆಬೆಲ್ಲೊ ಬಗ್ಗಿ ನೋಡಿದರು.
ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ
ಮತ್ತೆ ಬಗ್ಗಿದರು.

ಪಂಪಿನ ಹಲ್ಲು ಸವೆದಿದೆಯೇ? ಇಲ್ಲ.
ಪ್ಯಾಕಿಂಗು? ಹೋದ ಸಲ ನಾನೇ ಕತ್ತರಿಸಿ ಕೂರಿಸಿದ್ದು.
ಉಳಿದದ್ದು ಕಾವಲಿನ ಗುಂಡು.
ಕಡಲೆಕಾಳಿನಷ್ಟು ಉಕ್ಕು, ಬೆನ್ನಿಗೊಂದು ಸ್ಪ್ರಿಂಗು;
ಎಂಜಿನ್ ನಿಂತಾಗ ತೂತಿನ ಮೇಲೆ ಕೂತು
ಇಳಿಯಬೇಡ ಅನ್ನುವುದಷ್ಟೇ ಅದರ ಕೆಲಸ.
ಪೆಟ್ರೋಲಿನ ಬಸಿಗೆ ಹಾಕಿದೆ. ಕಪ್ಪು ಬಿಟ್ಟಿತು.
ಒಂದು ಎಳೆ ತೇಲಿತು,
ರೆಪ್ಪೆಗೂದಲಷ್ಟು. ಹಸಿರು.

ಆ ಹಸಿರು ನನಗೆ ಗೊತ್ತು.
ನನ್ನ ಹರಿದ ಕುಪ್ಪಸದ ಖಣ.
ಚೌತಿಯ ಮುನ್ನಾದಿನ, ಕರೆಂಟಿಲ್ಲದ ಹೊತ್ತು,
ಮನೆಗೆ ಹೋಗುವ ಅವಸರದಲ್ಲಿ
ಇದೇ ತೂತಿನ ಬಾಯಿ ಒರೆಸಿದ್ದು ಅದರಿಂದಲೇ.

ಊದಿದರೆ ಹಾರಿಹೋಗುತ್ತಿತ್ತು.
ಹಳೇ ಗಾಡಿ, ಹಳೇ ರೋಗ ಅಂದಿದ್ದರೆ
ನೂರೈವತ್ತು ಜಾಸ್ತಿಯೇ ಕೊಡುತ್ತಿದ್ದರು.
ಬಸಿಯನ್ನು ಹಾಗೇ ಅವರ ಮುಂದೆ ಹಿಡಿದೆ.
"ನಂದೇ ತಪ್ಪರೀ. ಹುಡುಗಂದಲ್ಲ."
ಅವರು ಏನೂ ಅನ್ನಲಿಲ್ಲ. ಹ್ಞೂಂ ಕೂಡ.
ಸ್ಟೂಲಿನ ಮೇಲೆ ಕೂತು
ಟ್ಯಾಂಕಿನ ಮುಚ್ಚಳ ಬಿಚ್ಚಿ, ತಿರುಗಿಸಿ, ಬಿಚ್ಚಿದರು.

ಗುಂಡು ಕೂರಿಸಿ, ಹಿತ್ತಾಳೆ ಕಡ್ಡಿ ಇಟ್ಟು
ಒಂದೇ ಪೆಟ್ಟು, ಮೆಲ್ಲಗೆ. ಹೊಸ ಎಣ್ಣೆ.
ಎರಡನೆಯ ಒದೆತಕ್ಕೆ ಎದ್ದಿತು.
ಮುಚ್ಚಳದೊಳಗೆ ಬ್ಯಾಟರಿ ಬಿಟ್ಟು ಕಾದೆವು.
ಮೊದಲು ಬರೀ ಗಾಳಿ. ಆಮೇಲೆ
ಒಂದು ತೊಟ್ಟು, ಗಾಳಿ, ಎರಡು ತೊಟ್ಟು, ಗಾಳಿ,
ಮಗು ತೇಗಿದ ಹಾಗೆ ತಿರುಗಿ ಬರುವ ಎಣ್ಣೆ.

ಶಬ್ದಕ್ಕೆ ಯಮನೂರ ಆಚೆ ನಲ್ಲಿಯ ಹತ್ತಿರ ಎದ್ದುನಿಂತಿದ್ದ.
ಗಟಾರ ದಾಟಲಿಲ್ಲ.
ರೆಬೆಲ್ಲೊ ನನ್ನ ಕೈಯಿಂದ ಬ್ಯಾಟರಿ ಇಸಕೊಂಡು
ಅವನ ಕಡೆಗಲ್ಲ, ಟ್ಯಾಂಕಿನ ಬಾಯಿಗೇ ಹಿಡಿದು
ತಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು,
ಇನ್ನೊಬ್ಬರು ನಿಲ್ಲುವಷ್ಟು.

ಹುಡುಗ ನೋಡುತ್ತಲೇ ಇದ್ದ.
ಕಾಲ ಬುಡದಲ್ಲಿ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು.